ಅಡ್ಮಿಶನ್ ಆದದ್ದಕ್ಕೇ ಸನ್ಮಾನ

ವೇದಿಕೆಯ ಮೇಲಿರುವ ಏಕೈಕ ಗಣ್ಯರೇ, ವೇದಿಕೆ ಎಂದು ನಾವೆಲ್ಲ ಒಪ್ಪಿಕೊಂಡಿರುವ ಈ ಸಿಮೆಂಟ್ ಕಟ್ಟೆಯ ಸುತ್ತ ಕೂತಿರುವ ಹಿರಿಯರೇ, ವಾಕಿಂಗ್ ನಿಲ್ಲಿಸದೆ ಸುತ್ತಿಗೊಂದು ವಾಕ್ಯದಂತೆ ಈ ಭಾಷಣ ಕೇಳಿಸಿಕೊಳ್ಳುತ್ತಿರುವ ಮಹನೀಯರೇ,

ಸನ್ಮಾನ ಮಾಡುವುದು ಪಾಸಾದವರಿಗೆ, ನಿವೃತ್ತರಾದವರಿಗೆ, ಇಲ್ಲವೇ ಕಾರ್ಪೊರೇಶನ್ ಚುನಾವಣೆಗೆ ನಿಲ್ಲುವ ಲಕ್ಷಣ ಇರುವವರಿಗೆ. ನಮ್ಮ ಯಲಹಂಕ ಉಪನಗರದ ಪಾರ್ಕ್ ಬಳಗ ಇವತ್ತು ಬರೀ ಅಡ್ಮಿಶನ್ ಆದವರನ್ನು ಸನ್ಮಾನಿಸುತ್ತಿದೆ. ಗ್ರಾಮ ಲೆಕ್ಕಿಗರಾಗಿ ಕಂದಾಯ ಇಲಾಖೆ ಸೇರಿ, ಅಲ್ಲೇ ತಲೆ ನರೆಸಿಕೊಂಡು ನಿವೃತ್ತರಾದ ನಮ್ಮೆಲ್ಲರ ವಿಎ ಸಾಹೇಬರು ವಿಶ್ವವಿದ್ಯಾಲಯವೊಂದರ ಬೇಸಿಗೆ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ್ದಾರೆ. ವಿಷಯ, ಡಿಜಿಟಲ್ ಮೂಲಸೌಕರ್ಯ. ಪಾಸಾಗುವವರೆಗಾದರೂ ಕಾಯೋಣ ಎಂದು ಖಜಾಂಚಿಗಳು ಹೇಳಿ ನೋಡಿದರು. ಬಳಗದ ಸರಾಸರಿ ವಯಸ್ಸು ನೋಡಿದರೆ ಯಾವುದನ್ನೂ ಮುಂದೂಡುವಂತಿಲ್ಲ ಎಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿತು. ಮೈಸೂರು ಪೇಟ ಬಾಡಿಗೆಯದು, ಸಂಜೆಯೊಳಗೆ ವಾಪಸ್ ಕೊಡಬೇಕು. ಫೋಟೊ ತೆಗೆಯುವವರು ಈಗಲೇ ತೆಗೆದುಕೊಳ್ಳಿ.

ಸೇರುವುದು ಏನು ಮಹಾ ಸಾಧನೆ ಎಂದು ಹಿಂದಿನ ಬೆಂಚಿನವರು ಗೊಣಗುತ್ತಿದ್ದಾರೆ. ಸ್ವಾಮಿ, ಆ ಅರ್ಜಿ ತುಂಬುವಾಗ ಝೆರಾಕ್ಸ್ ಅಂಗಡಿಯಲ್ಲಿ ನಾನೂ ಪಕ್ಕದಲ್ಲಿದ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಅಜ್ಜನ ಊರಾಗಿದೆ. ಈ ಮೂವರೂ ಒಬ್ಬರೇ ಎಂದು ಕಂಪ್ಯೂಟರನ್ನು ನಂಬಿಸಬೇಕು. ಫೋಟೊ 50 ಕೆಬಿ ಮೀರಬಾರದು. ಅಂಗಡಿಯ ಹುಡುಗ ಕುಗ್ಗಿಸಿ ಕುಗ್ಗಿಸಿ ಕೊನೆಗೆ ಮೀಸೆ ಮಾತ್ರ ಗುರುತು ಸಿಗುವಂತೆ ಮಾಡಿದ. ಒಟಿಪಿ ಹೋಗಿದ್ದು ಅಮೆರಿಕದಲ್ಲಿರುವ ಮಗನ ನಂಬರಿಗೆ, ಅಲ್ಲಿ ನಡುರಾತ್ರಿ. ಹೀಗೆಲ್ಲ ಆಗಿ ಅರ್ಜಿ ಸಲ್ಲಿಕೆಯಾಯಿತು ಎಂದು ಹಸಿರು ಅಕ್ಷರ ಮೂಡಿದಾಗ ಅದರ ಕೆಳಗೆ ಇನ್ನೊಂದು ಸಾಲಿತ್ತು: ಇದನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಅಂಚೆಯಲ್ಲಿ ಕಳಿಸತಕ್ಕದ್ದು. ಕೋರ್ಸಿನ ಮೊದಲ ಪಾಠ ಅಲ್ಲೇ ಆಗಿಹೋಯಿತು ಎಂದು ನನ್ನ ಅಂದಾಜು.

ಮಾನ್ಯರೇ, ಸಾಹೇಬರು ಓದಲು ಹೊರಟಿರುವುದು ಆಕಾಶದಲ್ಲಿರುವ ವಸ್ತುವಲ್ಲ. ಹೆಬ್ಬಾಳದ ಹತ್ತಿರದಲ್ಲೇ, ಕೊಡಿಗೇಹಳ್ಳಿಯ ಟಾಟಾ ನಗರದಲ್ಲಿ ಆಧಾರ್ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರ ಇದೆ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಎಂಬ ಊರಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರಲ್ಲ, ಇವತ್ತು ಅದಕ್ಕಾಗಿ ದೇಶದ ಯಾವ ಮೂಲೆಯಲ್ಲಿ ಬೆರಳಿಟ್ಟರೂ ಉತ್ತರ ಬರುವುದು ಇಲ್ಲಿಂದ, ಇಲ್ಲವೇ ಹರಿಯಾಣದ ಮಾನೇಸರದಿಂದ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ಎಂಬ ಗುರುತಿನ ವ್ಯವಸ್ಥೆಯನ್ನು ಫಿಲಿಪ್ಪೀನ್ಸಿನವರು ತಮ್ಮ ದೇಶದಲ್ಲಿ ಹಾಕಿಕೊಂಡಿದ್ದಾರೆ. ಅದು ಮನಿಲಾ ಮುಟ್ಟಿತು. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿ ಮುಟ್ಟುವುದು ಮಾತ್ರ ಇವತ್ತಿಗೂ ಪುಣ್ಯವಂತರಿಗಷ್ಟೇ ಸಾಧ್ಯ. 2023ರ ಆಗಸ್ಟ್‌ನಲ್ಲಿ ಜಿ20 ದೇಶಗಳ ಡಿಜಿಟಲ್ ಮಂತ್ರಿಗಳು ನಮ್ಮ ಬೆಂಗಳೂರಲ್ಲೇ ಕೂತು ಈ ಮೂಲಸೌಕರ್ಯದ ಬಗ್ಗೆ ಒಮ್ಮತಕ್ಕೆ ಬಂದರು. ಅವರನ್ನು ಯಾರೂ ಅಂಕಪಟ್ಟಿಯ ಇನಿಷಿಯಲ್ ಕೇಳಿರಲಿಕ್ಕಿಲ್ಲ.

ಇನ್ನು ಸಾಹೇಬರ ಅರ್ಹತೆಯ ವಿಚಾರ. ಅವರ ತರಗತಿಯಲ್ಲಿರುವವರೆಲ್ಲ ಇಪ್ಪತ್ತರ ಆಸುಪಾಸಿನ ಮಕ್ಕಳಂತೆ. ಆ ಮಕ್ಕಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ: ಈ ಮನುಷ್ಯ ಒಂದು ಕಾಲಕ್ಕೆ ತಾನೇ ಮೂಲಸೌಕರ್ಯವಾಗಿದ್ದ. ಮೂರ್ನಾಲ್ಕು ಹಳ್ಳಿಗಳ ಸರ್ವರ್ ಇವರ ಕಂಕುಳಲ್ಲಿತ್ತು, ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಬ್ಯಾಂಕಿನ ಸಾಲ ಕೂತಿದೆ ಎಂದು ಪುಸ್ತಕ ಬಿಚ್ಚದೆ ಹೇಳುತ್ತಿದ್ದರು. ಪುಸ್ತಕ ಬಿಚ್ಚಬೇಕಾದರೆ ಬೇರೆ ವ್ಯವಹಾರ ಇರುತ್ತಿತ್ತು ಎಂದು ಊರವರು ಹೇಳುತ್ತಿದ್ದುದುಂಟು. ಸಾಹೇಬರು ನಗುತ್ತಿದ್ದಾರೆ, ಆದ್ದರಿಂದ ಮುಂದುವರಿಯುತ್ತೇನೆ.

ಆಮೇಲೆ ಭೂಮಿ ಯೋಜನೆ ಬಂತು. ಈ ಶತಮಾನದ ಆರಂಭದ ಮಾತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸರ್ಕಾರ ಹೇಳಿದ ದಿನ ಸಾಹೇಬರು ಪೆನ್ನಿನ ಕ್ಯಾಪ್ ಹಾಕಿದರು. ಮ್ಯುಟೇಶನ್ ಅರ್ಜಿ ಸರದಿ ತಪ್ಪಿ ಮುಂದೆ ಹೋಗುವಂತಿಲ್ಲ. ಅಧಿಕಾರಿ ಬೆರಳಿಟ್ಟರಷ್ಟೇ ಯಂತ್ರ ಬಾಗಿಲು ತೆಗೆಯುವುದು. ಹೆಬ್ಬೆಟ್ಟು ಒತ್ತುವ ರೈತರನ್ನು ಕಂಡು ನಕ್ಕಿದ್ದ ಕಚೇರಿಯವರೇ ಹೆಬ್ಬೆಟ್ಟಿನವರಾದರು. ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ರೈತನಿಗೆ ಗೋಗರೆಯುವುದು ತಪ್ಪಿತು.

ಆದರೆ ಪುಸ್ತಕದಲ್ಲಿ ‘ನಂಜಪ್ಪ’ ಹೋಗಿ ‘ನಂಜಮ್ಮ’ ಆಗಿದ್ದರೆ ಕಂಪ್ಯೂಟರಿನಲ್ಲೂ ನಂಜಮ್ಮನೇ. ಮೊದಲಾದರೆ ನಂಜಪ್ಪ ಸಂತೆಯ ದಿನ ಸಾಹೇಬರ ಸೈಕಲ್ ಹಿಡಿದು ನಿಲ್ಲಿಸಿ, ‘ಏನ್ರೀ ವಿಎ, ನನ್ನನ್ನ ಹೆಂಗ್ಸು ಮಾಡಿಬಿಟ್ರಲ್ಲ’ ಎಂದು ಬೈಯಬಹುದಿತ್ತು. ಕಿಟಕಿಯ ಒಳಗಿನ ಹುಡುಗನನ್ನು ಬೈದರೆ ಅವನು ‘ಸಿಸ್ಟಮ್ಮಲ್ಲಿ ಹಂಗೇ ಇದೆ’ ಎನ್ನುತ್ತಾನೆ. ಅವನ ತಪ್ಪೂ ಇಲ್ಲ ಪಾಪ. ನಮ್ಮ ಸಾಹೇಬರು ಈ ವಯಸ್ಸಿನಲ್ಲಿ ಪುಸ್ತಕ ಹಿಡಿದದ್ದು ಇದಕ್ಕೇ ಎಂದು ನಾನು ಬಲ್ಲೆ. ಬೈಸಿಕೊಳ್ಳುವ ಮನುಷ್ಯ ಈ ವ್ಯವಸ್ಥೆಯಲ್ಲಿ ಎಲ್ಲಿ ಕೂತಿರುತ್ತಾನೆ ಎಂದು ಅವರು ಪಠ್ಯಕ್ರಮದಲ್ಲಿ ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲವಂತೆ.

ನಿವೃತ್ತರಿಗೆ ಯಾಕೆ ಈ ಉಸಾಬರಿ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅವರ ಹೆಸರಿನ ಪ್ರಕರಣದಲ್ಲೇ. ಆ ವಯಸ್ಸಿಗೆ ನಮ್ಮಲ್ಲಿ ಬಹಳಷ್ಟು ಮಂದಿ ಸಕ್ಕರೆ ಮಾತ್ರೆಯ ವಿಚಾರ ಬಿಟ್ಟು ಬೇರೇನೂ ಪ್ರಶ್ನಿಸುವುದಿಲ್ಲ.

ಇಲ್ಲಿ ಸಾಹೇಬರ ಧರ್ಮಪತ್ನಿಯವರನ್ನೂ ಸ್ಮರಿಸಬೇಕು. ಅವರು ಯಾವ ಕೋರ್ಸಿಗೂ ಸೇರಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ 2023ರ ಜೂನ್ 11ರಿಂದ ಆಧಾರ್ ತೋರಿಸಿ, ಶೂನ್ಯ ದರದ ಟಿಕೆಟ್ ಪಡೆದು, ಯಶವಂತಪುರ ಮಾರ್ಕೆಟ್ಟಿಗೂ ಆರ್.ಟಿ. ನಗರದ ತಂಗಿಯ ಮನೆಗೂ ಓಡಾಡುತ್ತಿದ್ದಾರೆ. ಡಿಜಿಟಲ್ ಮೂಲಸೌಕರ್ಯ ಓದಲು ಹೋಗುವ ಗಂಡ ಪಕ್ಕದಲ್ಲೇ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಾರೆ.

ಬೇಕರಿಯ ಮಾಲೀಕರು ಬಂದಿದ್ದಾರೆ, ಇವತ್ತಿನ ಖಾರ ಬನ್ ಅವರ ಪ್ರಾಯೋಜಕತ್ವ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಊರೆಲ್ಲ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿತ್ತಲ್ಲ, ಅವರೂ ಅಂಟಿಸಿದ್ದರು. ಆ ಬಾಕಿ ಕಟ್ಟಬೇಕಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಚೀಟಿ ಕಿತ್ತರು, ಆದರೆ ಅಂಟಿನ ಗುರುತು ಗಾಜಿನ ಮೇಲೆ ಹಾಗೇ ಇದೆ. ಹಣ ಕಳಿಸುವ ದಾರಿ, ಲೆಕ್ಕ ನೋಡುವ ದಾರಿ ಎರಡೂ ಒಂದೇ ಎಂಬುದನ್ನು ನಮ್ಮ ಬಡಾವಣೆ ಕಲಿತದ್ದು ಅಲ್ಲಿ. ಸಾಹೇಬರು ಇದನ್ನು ಪ್ರಾಜೆಕ್ಟ್ ವರದಿಗೆ ಆರಿಸಿಕೊಳ್ಳಬೇಕೆಂದು ನನ್ನ ಸಲಹೆ.

ವಂದನಾರ್ಪಣೆಗೆ ಮುಂಚೆ ಒಂದು ಬೇಡಿಕೆ ಇದೆ, ಅದಕ್ಕೇ ಈ ಸನ್ಮಾನ ಎಂದರೂ ತಪ್ಪಿಲ್ಲ. ಕೋರ್ಸ್ ಮುಗಿದ ಮೇಲೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ, ಅಭ್ಯಂತರವಿಲ್ಲ. ಆದರೆ ಭಾನುವಾರ ಬೆಳಗ್ಗೆ ಈ ಕಟ್ಟೆಯ ಮೇಲೆ ಬಂದು ಕೂತುಕೊಳ್ಳಿ. ಇ-ಖಾತಾದಲ್ಲಿ ಹೆಸರು ಸೇರದವರು, ರೇಷನ್ ಅಂಗಡಿಯಲ್ಲಿ ಬೆರಳು ಒಪ್ಪದವರು, ಒಟಿಪಿ ಬಾರದವರು ಬರುತ್ತೇವೆ. ಸರಿಹೋಗದಿದ್ದರೆ ನಿಮ್ಮನ್ನೇ ಬೈಯುತ್ತೇವೆ. ಅಭ್ಯಾಸ ಇದ್ದವರು ನೀವೊಬ್ಬರೇ. ಮೊದಲ ಅರ್ಜಿ ನನ್ನದೇ ಇರಲಿ. ನವೆಂಬರ್ ಬಂದರೆ ಪಿಂಚಣಿಗೆ ಜೀವನ ಪ್ರಮಾಣ ಪತ್ರ ಕೊಡಬೇಕು. ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪುವುದಿಲ್ಲ. ಅಷ್ಟರೊಳಗೆ ಪಾಸು ಮಾಡಿಕೊಂಡು ಬಂದು, ನಾನಿನ್ನೂ ಬದುಕಿದ್ದೇನೆಂದು ಸರ್ಕಾರಕ್ಕೆ ದಯವಿಟ್ಟು ತಿಳಿಸಿಕೊಡಿ.