ನಾಲಿಗೆಗೆ ಪಾಠ

ಊದುವಾದ್ಯದ ಮಕ್ಕಳಿಗೆ ಮೊದಲು ಕಲಿಸಬೇಕಾದುದು ಸ್ವರೋಚ್ಚಾರ, ಅಂದರೆ ಒಂದೊಂದು ಸ್ವರವನ್ನು ಹೇಗೆ ಆರಂಭಿಸಿ ಮುಂದಿನದಕ್ಕೆ ಹೇಗೆ ಸೇರಿಸಬೇಕು ಅಥವಾ ಬಿಡಿಸಬೇಕು ಎಂಬ ವಿಧಾನ. ಆದರೆ ತರಗತಿಯಲ್ಲಿ ಕ್ಷಣವೂ ಸುಮ್ಮನಿರದ ನಾಲಿಗೆಯು ಟ್ರಂಪೆಟ್ ಕೈಗೆ ಬಂದೊಡನೆ ಮೌನವ್ರತ ಹಿಡಿಯುವುದರಿಂದ, ಮಗು ಗಂಟಲಿನಿಂದಲೇ ಉಸಿರನ್ನು ತಳ್ಳುತ್ತದೆ ಮತ್ತು ಸ್ವರವು ಹಳ್ಳಿಯ ಕೊನೆಯ ಬಸ್ಸಿನಂತೆ ತಡವಾಗಿ, ಏದುಸಿರು ಬಿಡುತ್ತ ಬಂದು ನಿಲ್ಲುತ್ತದೆ. ಜರ್ಮನ್ ಕೊಳಲುವಾದಕ ಕ್ವಾಂಟ್ಸ್ 1752ರ ತನ್ನ ಕೊಳಲಿನ ಗ್ರಂಥದಲ್ಲಿ ಸ್ವರವನ್ನು ನಾಲಿಗೆಯಿಂದಲೇ ಆರಂಭಿಸಲು 'ತಿ', 'ದಿ', 'ತಿರಿ' ಎಂಬ ಅಕ್ಷರಗಳನ್ನು ಸೂಚಿಸಿದನು. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಈತನ ಶಿಷ್ಯನಾಗಿದ್ದುದರಿಂದ, ಸೈನ್ಯಕ್ಕೆ ಆಜ್ಞೆ ಕೊಡುತ್ತಿದ್ದ ನಾಲಿಗೆಯೂ ಗುರುವಿನೆದುರು 'ತಿರಿ ತಿರಿ' ಎಂದಿತೆಂದು ಊಹಿಸಲು ಅಡ್ಡಿಯಿಲ್ಲ.

1864ರಲ್ಲಿ ಪ್ರಕಟವಾದ ಫ್ರಾನ್ಸಿನ ಆರ್ಬನ್‌ನ ಕಾರ್ನೆಟ್ ಪಾಠಪುಸ್ತಕವು ವೇಗದ ಸ್ವರಗಳಿಗಾಗಿ 'ತು-ಕು' ಎಂಬ ಜೋಡಿನಾಲಿಗೆಯನ್ನು, ಅಂದರೆ ನಾಲಿಗೆಯ ತುದಿಯೂ ಹಿಂಭಾಗವೂ ಸರದಿಯಂತೆ ಉಸಿರನ್ನು ತಡೆದು ಬಿಡುವ ಕ್ರಮವನ್ನು ಕಲಿಸುತ್ತದೆ. ಇವೆರಡರಲ್ಲಿ 'ಕು' ಹುಟ್ಟು ಸೋಮಾರಿಯಾದುದರಿಂದ ಅದನ್ನೊಂದನ್ನೇ ಬಿಡಿಯಾಗಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕಾಗುತ್ತದೆ. ಆ ಅವಧಿಯಲ್ಲಿ ನೆರೆಮನೆಯವರು ತೀರ್ಥಯಾತ್ರೆಗೆ ಹೋಗಿರುವುದು ಎಲ್ಲರಿಗೂ ಕ್ಷೇಮ. ಕ್ಲಾರಿನೆಟ್ಟಿನಲ್ಲಿ ನಾಲಿಗೆಯು ರೀಡಿನ, ಅಂದರೆ ಕಂಪಿಸಿ ನಾದ ಹೊರಡಿಸುವ ತೆಳುಪಟ್ಟಿಯ, ತುದಿಯನ್ನು ತುಸುವೇ ಮುಟ್ಟಿ ಸರಿಯಬೇಕು, ಉಸಿರು ಮಾತ್ರ ನಿಲ್ಲಬಾರದು. ಮಕ್ಕಳು ಎರಡನ್ನೂ ಒಟ್ಟಿಗೇ ನಿಲ್ಲಿಸಿ ಗುರುವಿನ ಮುಖ ನೋಡುತ್ತಾರೆ.

ತಾಳವಾದ್ಯವು ಬಾಯಿಗೆ ಸಿಗುವಂಥದಲ್ಲವಾದರೂ ನಾಲಿಗೆಗೆ ಅಲ್ಲಿಯೂ ರಜೆಯಿಲ್ಲ: ಮೃದಂಗದ ವಿದ್ಯಾರ್ಥಿಯು 'ತ ದಿ ತೊಂ ನಂ' ಎಂಬ ಸೊಲ್ಲುಗಳನ್ನು, ಎಂದರೆ ಪೆಟ್ಟುಗಳನ್ನು ಹೆಸರಿಸುವ ಅಕ್ಷರಗಳನ್ನು, ಬಾಯಲ್ಲಿ ಹೇಳಿ ಕೈಯಲ್ಲಿ ನುಡಿಸುತ್ತಾನೆ. ನಾಲಿಗೆಯ ಕೆಲಸವನ್ನು ಕಡ್ಡಿಯೇ ವಹಿಸಿಕೊಳ್ಳುವ ಸ್ನೇರ್ ಡ್ರಮ್ಮಿನಲ್ಲಿ ಅದನ್ನು ಎಷ್ಟು ಎತ್ತರದಿಂದ ಇಳಿಸಲಾಗುತ್ತದೆ ಎಂಬುದರ ಮೇಲೆ ಪೆಟ್ಟಿನ ಒತ್ತು ನಿಂತಿದ್ದು, ಬಹುತೇಕ ಬಾಲಕರು ಎಲ್ಲ ಪೆಟ್ಟುಗಳಿಗೂ ತಲೆಯ ಮೇಲಿನ ಎತ್ತರವನ್ನೇ ಏಕಮತದಿಂದ ಆರಿಸಿಕೊಳ್ಳುತ್ತಾರೆ.