ನಿಮ್ಮ ಬೀದಿಗೆ ಎಷ್ಟು ದೆವ್ವ ಬಂದವು?

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಅಮೆರಿಕದ ಮನೆಮನೆಯಲ್ಲೂ ಒಂದೇ ಲೆಕ್ಕಾಚಾರ: 31ರ ಹ್ಯಾಲೋವೀನ್ ರಾತ್ರಿ ದೆವ್ವ-ಭೂತದ ವೇಷ ಹಾಕಿ ಬಾಗಿಲಿಗೆ ಬರುವ ಮಕ್ಕಳಿಗೆ ಈ ಸಲ ಕ್ಯಾಂಡಿ ಎಷ್ಟು ಚೀಲ ತರೋಣ? ಕಡಿಮೆ ತಂದರೆ ಏಳೂವರೆಗೆಲ್ಲ ಬುಟ್ಟಿ ಬರಿದಾಗಿ, ಹೊರಗಿನ ದೀಪ ಆರಿಸಿ, ಸ್ವಂತ ಮನೆಯಲ್ಲೇ ಸದ್ದು ಮಾಡದೆ ಅಡಗಿ ಕೂರಬೇಕು. ಜಾಸ್ತಿ ತಂದರೆ ಒಂದು ತಿಂಗಳು ಮಧ್ಯಾಹ್ನದ ಕಾಫಿಗೆ ಕಿಟ್‌ಕ್ಯಾಟ್ ಸೇರಿಸಿಕೊಂಡು, ಡಿಸೆಂಬರಿನಲ್ಲಿ ಶುಗರ್ ರಿಪೋರ್ಟ್ ನೋಡಿದ ಡಾಕ್ಟರ ಕೈಲಿ ಬೈಸಿಕೊಳ್ಳಬೇಕು. ಊರಿಂದೂರಿಗೆ ಲೆಕ್ಕ ಬೇರೆ ಅಂದರೆ ಒಪ್ಪಬಹುದು. ಇದು ಬೀದಿಯಿಂದ ಬೀದಿಗೆ ಬೇರೆ. ಒಂದು ಬೀದಿಯಲ್ಲಿ ಕರೆಗಂಟೆಗೆ ಬಿಡುವೇ ಇಲ್ಲ. ಅದರ ಬೆನ್ನಿಗೇ ಇರುವ ಇನ್ನೊಂದು ಬೀದಿಯಲ್ಲಿ ಯಜಮಾನರು ಬುಟ್ಟಿ ಹಿಡಿದುಕೊಂಡು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿರುತ್ತಾರೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಗುಡ್ಡದ ಕಡೆಯ ಒಂದು ಬೀದಿ. ಪಕ್ಕದ ಮನೆಗೆ ಮೈಸೂರಿನಿಂದ ರಾಯರು ಬಂದಿದ್ದಾರೆ, ಮಗಳ ಜೊತೆ ಆರು ತಿಂಗಳು ಇದ್ದು ಹೋಗಲು. ಪಿಡಬ್ಲ್ಯುಡಿಯಲ್ಲಿ ಇಂಜಿನಿಯರಾಗಿ ರಿಟೈರಾದವರು. ನಮ್ಮಿಬ್ಬರ ಹಿತ್ತಲಿಗೂ ನಡುವೆ ಆಳೆತ್ತರದ ಮರದ ಬೇಲಿ. ಆ ಕಡೆ ಕರಿಬೇವಿನ ಕುಂಡದ ಪಕ್ಕ ಅವರದೊಂದು ಪ್ಲಾಸ್ಟಿಕ್ ಸ್ಟೂಲು ಕಾಯಂ. ಹತ್ತಿದರೆ ಕನ್ನಡಕ, ಮಫ್ಲರ್ ಇಷ್ಟು ಮಾತ್ರ ಕಾಣುತ್ತದೆ. ದನಿ ಮಾತ್ರ ಪೂರ್ತಿ ಬರುತ್ತದೆ.

"ಅಲ್ರೀ, ಹೋದ ವರ್ಷ ಈ ಬೀದಿಗೆ ಬಂದಿದ್ದು ಬೆರಳೆಣಿಕೆ ಮಕ್ಕಳಂತೆ. ನನ್ನ ಮಗಳ ಸ್ನೇಹಿತೆ ಇಲ್ಲೇ ಕೆಳಗಡೆ ಇದ್ದಾಳಲ್ಲ, ಅವಳ ಮನೆ ಮುಂದೆ ಜಾತ್ರೆಯಂತೆ. ಯಾಕ್ರೀ ಹೀಗೆ? ಈ ಬೀದಿಯವರು ಜಿಪುಣರು ಅಂತ ಏನಾದ್ರೂ ಹೆಸರಾಗಿದೆಯೋ?"

"ಜಿಪುಣತನ ಅಲ್ಲ ರಾಯರೇ, ನಿಮ್ಮ ಖಾತೆದೇ ತಪ್ಪು. ಇದು ರಸ್ತೆ ಮತ್ತು ಸೆಟ್‌ಬ್ಯಾಕಿನ ವಿಷಯ" ಅಂದೆ. ಸೆಟ್‌ಬ್ಯಾಕ್ (ರಸ್ತೆಗೂ ಮನೆಗೂ ನಡುವೆ ಬಿಡುವ ಜಾಗ) ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮಫ್ಲರ್ ಸಡಿಲವಾಯಿತು. ಇನ್ನು ಅವರು ಸುಲಭಕ್ಕೆ ಕೆಳಗಿಳಿಯುವುದಿಲ್ಲ ಅಂತ ನನಗೂ ಗೊತ್ತಾಯಿತು.

ವಿಷಯ ಸರಳ. ಮಕ್ಕಳ ಕೈಲಿರುವುದು ಎರಡೋ ಮೂರೋ ಗಂಟೆ. ಅಷ್ಟರಲ್ಲಿ ಎಷ್ಟು ಬಾಗಿಲು ಮುಟ್ಟಬಹುದೋ ಅಷ್ಟು ಕ್ಯಾಂಡಿ. ಎಂಟು ವರ್ಷದ ಪೋರನಿಗೂ ಈ ಗಣಿತ ಬರುತ್ತದೆ. ಎಕರೆಗಟ್ಟಲೆ ಜಾಗದಲ್ಲಿ ಒಂದೊಂದು ಬಂಗಲೆ, ಗೇಟಿನಿಂದ ಬಾಗಿಲಿಗೆ ಉದ್ದನೆಯ ಡ್ರೈವ್‌ವೇ, ಅದೂ ಏರು: ಅಂಥಲ್ಲಿಗೆ ಹೋಗಿ ಒಂದು ಸ್ನಿಕರ್ಸ್ ತರುವಷ್ಟರಲ್ಲಿ ಹಳೇ ಬಡಾವಣೆಯಲ್ಲಿ ಐದಾರು ಮನೆ ಮುಗಿದಿರುತ್ತದೆ. ಒತ್ತಾಗಿರುವ ಮನೆಗಳು, ಅಂಗಳ ಚಿಕ್ಕದು, ಮುಂದೆ ಒಂದು ಜಗಲಿ, ಫುಟ್‌ಪಾತು, ಬೀದಿದೀಪ — ಇಷ್ಟಿದ್ದರೆ ಮಕ್ಕಳು ತಾವಾಗಿ ಬರುತ್ತಾರೆ. ವ್ಯಾಂಕೂವರ್ ನಗರದ ಮುಖ್ಯ ಯೋಜಕರಾಗಿದ್ದ ಬ್ರೆಂಟ್ ಟೋಡೇರಿಯನ್ ಇದನ್ನೇ ಒಂದು ಪರೀಕ್ಷೆ ಮಾಡಿಬಿಟ್ಟರು. ಬಡಾವಣೆ ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕೆ? ಹ್ಯಾಲೋವೀನ್ ರಾತ್ರಿ ಮಕ್ಕಳು ಅಲ್ಲಿ ನಡೆದು ಮನೆಮನೆ ಸುತ್ತಬಲ್ಲರೇ ನೋಡಿ. ಬೀದಿಗೆ ಮುಖ ಮಾಡಿರುವುದು ಬಾಗಿಲು, ಕಿಟಕಿಯೋ, ಇಲ್ಲಾ ಬರೀ ಗ್ಯಾರೇಜೋ? ಆ ರಾತ್ರಿ ಪಾಸಾದ ಬೀದಿ ವರ್ಷದ ಉಳಿದ ದಿನಗಳಲ್ಲೂ ನಡೆದಾಡುವವರಿಗೆ ಹಿತವಾಗಿರುತ್ತದೆ ಅನ್ನುವುದು ಅವರ ವಾದ.

ರಾಯರು ಸ್ಟೂಲಿನ ಮೇಲಿಂದಲೇ ನಮ್ಮ ಬೀದಿಯ ಕಡೆ ಕತ್ತು ಚಾಚಿದರು. "ಸರಿಯಾಗಿದೆ. ಮೂರು ಕಾರಿನ ಗ್ಯಾರೇಜು ಮುಂದೆ, ಬಾಗಿಲು ಎಲ್ಲೋ ಸಂದೀಲಿ. ಬಲಗಡೆ ಫುಟ್‌ಪಾತೇ ಇಲ್ಲ. ಇದನ್ನ ಪಾಸ್ ಮಾಡಿದವನು ಯಾರ್ರೀ?" ಎಂದು ನನ್ನನ್ನೇ ಜಬರಿಸಿದರು. ಆಮೇಲೆ ದನಿ ಮೆತ್ತಗಾಯಿತು. "ನಾವು ಅಗ್ರಹಾರದಲ್ಲಿ ಚೌತಿ ದಿನ ನೂರೊಂದು ಗಣೇಶ ನೋಡ್ತೀವಿ ಅಂತ ಅಕ್ಷತೆ ಹಿಡಕೊಂಡು ಹೊರಡ್ತಿದ್ವಲ್ಲ, ಆಗಲೂ ಅಷ್ಟೇ. ವಠಾರಕ್ಕೆ ಮೊದಲು ನುಗ್ತಿದ್ವಿ. ಒಂದು ಬಾಗಿಲಲ್ಲಿ ನಿಂತು ಕೂಗಿದ್ರೆ ಆರು ಮನೆಗೆ ಕೇಳಿಸ್ತಿತ್ತು. ಕಾಂಪೌಂಡು, ನಾಯಿ ಇರೋ ಬಂಗಲೆ ಕಡೆ ಯಾರೂ ತಲೆ ಹಾಕ್ತಿರಲಿಲ್ಲ."

ಮನೆ ಮಾರುವವರ ಕಣ್ಣೂ ಈ ರಾತ್ರಿಯ ಮೇಲೆ ಬಿದ್ದಿದೆ. ಝಿಲೋ ಎನ್ನುವ ಕಂಪನಿ ಯಾವ ಊರು, ಯಾವ ಬಡಾವಣೆ ಹ್ಯಾಲೋವೀನಿಗೆ ಉತ್ತಮ ಎಂದು ವರ್ಷಗಟ್ಟಲೆ ಪಟ್ಟಿ ಹಾಕಿತು. ಮನೆಗಳ ಬೆಲೆ, ಮನೆಯಿಂದ ಮನೆಗೆ ಎಷ್ಟು ಹತ್ತಿರ, ನಡೆಯಲು ಎಷ್ಟು ಅನುಕೂಲ, ಕಳ್ಳಕಾಕರ ಕಾಟ ಎಷ್ಟು, ಇವೆಲ್ಲ ಅದರ ಲೆಕ್ಕಕ್ಕೆ ಬರುತ್ತಿದ್ದವು. ಆದರೆ ಯಾವ ಪಟ್ಟಿಯೂ ಮಕ್ಕಳ ಪಟ್ಟಿಗೆ ಸಮ ಇಲ್ಲ. ರಾತ್ರಿ ಒಂಬತ್ತಕ್ಕೆ ನಮ್ಮ ಮನೆಯ ಕಾರ್ಪೆಟ್ ಮೇಲೆ ನಡೆಯುವ ಕಲಾಪ ನೋಡಬೇಕು. ದಿಂಬಿನ ಕವರನ್ನು ತಲೆಕೆಳಗು ಮಾಡಿ ಸುರಿದು, ರೀಸಸ್ ಒಂದು ಗುಡ್ಡೆ, ಎಂ ಅಂಡ್ ಎಂ ಒಂದು ಗುಡ್ಡೆ. ಗಮ್ಮಿ, ಕ್ಯಾಂಡಿ ಕಾರ್ನ್ ಬೇರೆ ಗುಡ್ಡೆ. ಅದರಲ್ಲಿ ಜೆಲಾಟಿನ್ ಇದೆಯೋ ಎಂದು ಪೊಟ್ಟಣದ ಇರುವೆಯಂಥ ಅಕ್ಷರ ಓದುವುದು ಅಮ್ಮನ ಕೆಲಸ. ಯಾರ ಮನೆಯಲ್ಲಿ ಅಂಗಡಿಯಲ್ಲಿ ಸಿಗುವಷ್ಟೇ ದೊಡ್ಡ ಇಡೀ ಚಾಕೊಲೇಟ್ ಕೊಟ್ಟರು, ಯಾರು ಟೂತ್‌ಬ್ರಷ್ ಕೊಟ್ಟು ಕಳಿಸಿದರು, ಎಲ್ಲದರ ವಿಚಾರಣೆ ಆಗುತ್ತದೆ. ಮುಂದಿನ ವರ್ಷದ ದಾರಿ ಅಲ್ಲೇ ತೀರ್ಮಾನ. ಮರುದಿನ ಶಾಲೆಯಲ್ಲಿ ಅದು ಊರಿಗೆಲ್ಲ ಬಟವಾಡೆ.

ಹೀಗೆ ಹೆಸರಾದ ಬೀದಿಗೆ ಮತ್ತೆ ಹೆಸರು. ಸ್ಯಾನ್ ಫ್ರಾನ್ಸಿಸ್ಕೋದ ಕೋಲ್ ವ್ಯಾಲಿಯಲ್ಲಿ ಬೆಲ್ವೆಡಿಯರ್ ಬೀದಿಯನ್ನು ಆ ಸಂಜೆ ಕಾರುಗಳಿಗೆ ಮುಚ್ಚಿಬಿಡುತ್ತಾರೆ, ಅಷ್ಟು ಜನ. ಪಾಲೊ ಆಲ್ಟೊದಲ್ಲಿ ಸ್ಟೀವ್ ಜಾಬ್ಸ್ ಇದ್ದ ವೇವರ್ಲಿ ಬೀದಿಯ ಕಡೆಗೆ ನಮ್ಮ ಬೇ ಏರಿಯಾದ ಕನ್ನಡದ ಮಕ್ಕಳನ್ನೂ ಅಪ್ಪ-ಅಮ್ಮಂದಿರು ಕಾರಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಅಲಂಕಾರ ಚೆನ್ನಾಗಿದೆ ಅಂತ ಮಕ್ಕಳು ಬರುತ್ತಾರೆ, ಮಕ್ಕಳು ಬರುತ್ತಾರೆ ಅಂತ ಅಲಂಕಾರ ಹೆಚ್ಚುತ್ತದೆ. ಆ ಮಕ್ಕಳು ಯಾವ ಬೀದಿಯಿಂದ ಬಂದರೋ ಆ ಬೀದಿಯಲ್ಲಿ ಅಷ್ಟೂ ತಲೆ ಕಡಿಮೆ. ನಮ್ಮಂಥವರು ಬುಟ್ಟಿ ಹಿಡಿದು ಕೂತಿರುವುದು ಅದಕ್ಕೇ.

"ಹಂಗಾದ್ರೆ ಬೇರೆ ಬಡಾವಣೆ ಮಕ್ಕಳು ಬಂದು ತಗೊಂಡು ಹೋಗೋದು ಸರೀನಾ?" ರಾಯರ ಪ್ರಶ್ನೆ.

ಇದೂ ಹಳೇ ಜಗಳವೇ. 2014ರಲ್ಲಿ ಸ್ಲೇಟ್ ಪತ್ರಿಕೆಯ ಸಲಹೆ ಅಂಕಣಕ್ಕೆ ಸಿರಿವಂತ ಬಡಾವಣೆಯವರೊಬ್ಬರು ಬರೆದರು: ಬಡ ಬಡಾವಣೆಗಳಿಂದ ಕಾರುಗಟ್ಟಲೆ ಮಕ್ಕಳು ಬರುತ್ತಾರೆ, ಅವರಿಗೆಲ್ಲ ನಾವ್ಯಾಕೆ ಕ್ಯಾಂಡಿ ಕೊಡಬೇಕು ಅಂತ. ಅಂಕಣ ಬರೆಯುತ್ತಿದ್ದ ಎಮಿಲಿ ಯಾಫಿ ಬಿಡಲಿಲ್ಲ. ಇಷ್ಟು ದುಡ್ಡಿಟ್ಟುಕೊಂಡು ಚಿಲ್ಲರೆ ಕ್ಯಾಂಡಿಗೆ ಅಳುತ್ತೀರಲ್ಲ, ಹೋಗಿ ಇನ್ನಷ್ಟು ತನ್ನಿ ಎಂಬರ್ಥದಲ್ಲಿ ಚೆನ್ನಾಗಿಯೇ ಉಗಿದರು. ನನ್ನ ಮತವೂ ಅದೇ. ತಮ್ಮ ಅಪಾರ್ಟ್‌ಮೆಂಟಿನ ಸುತ್ತ ಬರೀ ಹೈವೇ, ಪಾರ್ಕಿಂಗ್ ಲಾಟು ಇದ್ದರೆ ಆ ಮಕ್ಕಳು ಇನ್ನೆಲ್ಲಿಗೆ ಹೋಗಬೇಕು? ಬೇಲಿಯ ಆ ಕಡೆಯಿಂದ "ಅದೂ ನಿಜ ಅನ್ನಿ" ಅಂತ ಬಂತು.

ಅಪಾರ್ಟ್‌ಮೆಂಟು ಅಂದ ಮಾತ್ರಕ್ಕೆ ಹಬ್ಬ ಇಲ್ಲ ಅಂತಲೂ ಅಲ್ಲ. ಮ್ಯಾನ್‌ಹಟನ್ನಿನ ಎಷ್ಟೋ ಕಟ್ಟಡಗಳಲ್ಲಿ ಲಾಬಿಯಲ್ಲೊಂದು ಹಾಳೆ ಅಂಟಿಸುತ್ತಾರೆ. ಕ್ಯಾಂಡಿ ಕೊಡುವವರು ತಮ್ಮ ಮನೆ ನಂಬರು ಬರೆಯುತ್ತಾರೆ. ಮಕ್ಕಳು ಲಿಫ್ಟಿನಲ್ಲಿ ತುದಿಗೆ ಹೋಗಿ ಮಹಡಿಯಿಂದ ಮಹಡಿಗೆ ಇಳಿದು ಬರುತ್ತಾರೆ. ಮಳೆಯಿಲ್ಲ, ಚಳಿಯಿಲ್ಲ, ಕಾರಿನ ಭಯವಿಲ್ಲ.

ಬೀದಿಗೆ ವಯಸ್ಸೂ ಆಗುತ್ತದೆ. ಹೊಸ ಬಡಾವಣೆಯಲ್ಲಿ ಎಲ್ಲರೂ ಸುಮಾರಾಗಿ ಒಟ್ಟಿಗೇ ಮನೆ ಕೊಳ್ಳುತ್ತಾರೆ, ಒಟ್ಟಿಗೇ ಮಕ್ಕಳಾಗುತ್ತವೆ, ಒಟ್ಟಿಗೇ ಆ ಮಕ್ಕಳು ಕಾಲೇಜಿಗೆ ಹೋಗುತ್ತವೆ. ಒಂದು ಕಾಲಕ್ಕೆ ನಮ್ಮ ಬೀದಿಯಲ್ಲಿ ಸ್ಪೈಡರ್‌ಮ್ಯಾನುಗಳ ದಂಡೇ ಇತ್ತು. ಆ ಸ್ಪೈಡರ್‌ಮ್ಯಾನುಗಳಿಗೆ ಈಗ ಕೆಲಸ ಸಿಕ್ಕಿ ಸಿಯಾಟಲ್‌ನಲ್ಲಿ ಇದ್ದಾರೆ. ಅಪ್ಪ-ಅಮ್ಮ ಅದೇ ಮನೆಯಲ್ಲಿ, ಹತ್ತು ಗಂಟೆಗೆ ಮಾತ್ರೆ ತಗೊಂಡು ಮಲಗುತ್ತಾರೆ. ಮನೆ ಕೈ ಬದಲಾಗಿ ಚಿಕ್ಕ ಸಂಸಾರಗಳು ಬರುವವರೆಗೆ ಬೀದಿ ಹೀಗೇ.

ಇನ್ನು ದಿನ, ಹೊತ್ತು. ಐಯೋವಾದ ಡೆ ಮೊಯಿನ್ ಊರಿನಲ್ಲಿ 1938ರಿಂದ ಬೆಗ್ಗರ್ಸ್ ನೈಟ್ ಎನ್ನುವ ಪದ್ಧತಿ ಬೆಳೆಯಿತು. ಪುಂಡಾಟ ತಡೆಯಲೆಂದು ಶುರುವಾದದ್ದು. ದಶಕಗಳ ಕಾಲ ಅಲ್ಲಿನ ಮಕ್ಕಳು 31ರ ಬದಲು 30ರ ರಾತ್ರಿಯೇ ಹೊರಟರು. ಸುಮ್ಮನೆ ಕೈ ಚಾಚುವ ಹಾಗಿಲ್ಲ, ಬಾಗಿಲಲ್ಲಿ ನಿಂತು ಒಂದು ಜೋಕ್ ಹೇಳಬೇಕು. ಒಹಾಯೊ, ವಿಸ್ಕಾನ್ಸಿನ್ ಕಡೆಯ ಎಷ್ಟೋ ಊರುಗಳಲ್ಲಿ ನಗರಸಭೆಯೇ ಆರರಿಂದ ಎಂಟು ಎಂದು ಹೊತ್ತು ಗೊತ್ತುಮಾಡುತ್ತದೆ. ಅಲ್ಲೆಲ್ಲ ಗುಂಪು ಒಮ್ಮೆಲೇ ನುಗ್ಗಿ ಒಮ್ಮೆಲೇ ಖಾಲಿ. ನಮ್ಮಲ್ಲಿ ಅಂಥ ಕಟ್ಟಳೆಯಿಲ್ಲ. ಮೊದಲು ಅಪ್ಪನ ಹೆಗಲ ಮೇಲಿನ ಕುಂಬಳಕಾಯಿ ಕೂಸುಗಳು, ಆಮೇಲೆ ಶಾಲೆಯ ಮಕ್ಕಳು, ಎಂಟು ದಾಟಿದ ಮೇಲೆ ವೇಷವೂ ಇಲ್ಲದ, ಮೀಸೆ ಚಿಗುರಿದ ಹುಡುಗರು. ವರ್ಜೀನಿಯಾದ ಚೆಸಪೀಕ್ ಊರಿನಲ್ಲಿ ಹನ್ನೆರಡು ದಾಟಿದವರು ಹೀಗೆ ಹೊರಟರೆ ಜೈಲು ಎನ್ನುವ ಕಾನೂನೇ ಇತ್ತು. 2019ರಲ್ಲಿ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿ ಜೈಲಿನ ಮಾತು ತೆಗೆದುಹಾಕಿದರು. ಮೀಸೆ ಬಂದವನು ಮನೆ ಬಾಗಿಲಿಗೆ ಬಂದು ಕೇಳುವುದು ಚಾಕೊಲೇಟು ಮಾತ್ರ ಆದರೆ ಕೊಟ್ಟುಬಿಡಿ ಅಂತೀನಿ ನಾನು.

ಹೆದರಿಕೆಯೂ ಕೆಲವು ಬೀದಿಗಳನ್ನು ಖಾಲಿ ಮಾಡಿದೆ. ಅಪರಿಚಿತರು ಕ್ಯಾಂಡಿಯಲ್ಲಿ ವಿಷ ಹಾಕುತ್ತಾರೆ, ಬ್ಲೇಡ್ ಇಡುತ್ತಾರೆ ಎಂಬ ಮಾತು ಪ್ರತಿವರ್ಷ ಏಳುತ್ತದೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ಸುದ್ದಿಗಳನ್ನೆಲ್ಲ ಜಾಲಾಡಿದರು. ಅಪರಿಚಿತರು ಹೀಗೆ ಹಂಚಿದ ತಿಂಡಿಯಿಂದ ಮಗು ಸತ್ತ ಒಂದು ಪ್ರಕರಣವೂ ಖಚಿತವಾಗಿ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಹುಡುಗ ಸತ್ತದ್ದು ನಿಜ. ವಿಷ ಇಟ್ಟವನು ಹೆತ್ತ ತಂದೆ, ವಿಮೆ ಹಣಕ್ಕಾಗಿ. ಆದರೂ ಭಯ ಹೋಗಲಿಲ್ಲ. ಚರ್ಚು, ಶಾಲೆಗಳ ಪಾರ್ಕಿಂಗ್ ಲಾಟಿನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು ಅಲ್ಲಿಂದಲೇ ಕ್ಯಾಂಡಿ ಕೊಡುವ 'ಟ್ರಂಕ್ ಆರ್ ಟ್ರೀಟ್' ಬೆಳೆದದ್ದಕ್ಕೆ ಇದೂ ಒಂದು ಕಾರಣ. ರಾಯರ ಮನೆಯವರು ಮೊನ್ನೆ ಒಂದು ತಟ್ಟೆ ಕೊಬ್ಬರಿ ಮಿಠಾಯಿ ಮಾಡಿ, ಹ್ಯಾಲೋವೀನ್ ಮಕ್ಕಳಿಗೆ ಇದನ್ನೇ ಕೊಡೋಣ ಅಂದರಂತೆ. ಕಂಪನಿ ಪೊಟ್ಟಣದಲ್ಲಿ ಇಲ್ಲದ್ದನ್ನು ಯಾರೂ ಮುಟ್ಟುವುದಿಲ್ಲ ಎಂದು ಮಗಳು ತಡೆದಳು. ಬೇಲಿಯ ಈ ಕಡೆಯ ನಮಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಎಲ್ಲಕ್ಕಿಂತ ದೊಡ್ಡದು ದೀಪ. ಜಗಲಿಯ ದೀಪ ಉರಿಯುತ್ತಿದ್ದರೆ ಬನ್ನಿ ಅಂತ, ಆರಿದ್ದರೆ ಮುಂದಕ್ಕೆ ಹೋಗಿ ಅಂತ. ಯಾರೂ ಕಲಿಸದೆ ಇಡೀ ದೇಶ ಪಾಲಿಸುವ ನೇಮ ಇದು. 2024ರಲ್ಲಿ ನರಕ ಚತುರ್ದಶಿ ಬಿದ್ದದ್ದು ಸರಿಯಾಗಿ ಅಕ್ಟೋಬರ್ 31ಕ್ಕೆ. ಫ್ರೀಮಾಂಟ್‌ನಲ್ಲಿ ಭಾರತದವರ ಬೀದಿಬೀದಿಯೂ ಹಣತೆ, ಸೀರಿಯಲ್ ಸೆಟ್ಟು ಹಾಕಿಕೊಂಡು ಝಗಝಗ. ಡ್ರಾಕುಲಾಗಳು ಬಿಡುತ್ತಾರೆಯೇ? ಇಷ್ಟು ದೀಪ ಹಚ್ಚಿದವರು ಕೊಡುಗೈ ದೊರೆಗಳೇ ಇರಬೇಕೆಂದು ನುಗ್ಗಿದರು. ರೇಷ್ಮೆ ಸೀರೆ ಉಟ್ಟ ಅಮ್ಮಂದಿರು ಬಾಗಿಲು ತೆರೆದು, ಕ್ಯಾಂಡಿ ಮುಗಿದು, ಒಳಗೆ ಹೋಗಿ ಮಕ್ಕಳ ಟಿಫನ್ ಡಬ್ಬಿಗೆಂದು ಇಟ್ಟಿದ್ದ ಚಾಕೊಲೇಟ್ ಕೂಡ ತಂದುಕೊಟ್ಟರು.

ರಾಯರು ಎಲ್ಲ ಕೇಳಿ ಗಲ್ಲ ಕೆರೆದರು. "ಅಂದ್ರೆ ನಾನೊಬ್ಬನೇ ದೀಪ ಹಾಕಿ, ಅಸ್ಥಿಪಂಜರ ನೇತುಹಾಕಿದ್ರೆ ಪ್ರಯೋಜನ ಇಲ್ಲ ಅನ್ನಿ."

"ಇಲ್ಲ ರಾಯರೇ. ಈ ದೇಶದಲ್ಲಿ ಕ್ಯಾಂಡಿ ಕೊಡ್ತೀವಿ ಅನ್ನೋರು ಮೂರರಲ್ಲಿ ಎರಡು ಪಾಲು ಅಂತ ವ್ಯಾಪಾರಿಗಳ ಸಂಘದ ಸರ್ವೆ ಹೇಳುತ್ತೆ. ಆ ಎರಡು ಪಾಲು ಒಂದೇ ಬೀದೀಲಿ ಒಟ್ಟಾಗಿದ್ರೆ ಜಾತ್ರೆ. ಚೆದುರಿಹೋಗಿದ್ರೆ ಎರಡು ಕತ್ತಲೆ ಮನೆ ನೋಡಿದ ಮಗು ವಾಪಸ್ ತಿರುಗುತ್ತೆ. ಬರೋದು ಬೀದಿಗೆ, ಮನೆಗಲ್ಲ."

ಮಫ್ಲರ್ ಒಮ್ಮೆ ಮಾಯವಾಯಿತು. ಮರಳಿ ಬಂದಾಗ ಕೈಲಿ ಕಾಗದ, ಪೆನ್ಸಿಲ್. ಸೈಟ್ ಪ್ಲಾನ್ ತಯಾರು. ಗ್ಯಾರೇಜ್ ಕೆಡವುವ ಹಾಗಿಲ್ಲ, ಫುಟ್‌ಪಾತ್ ಕಟ್ಟಿಸುವ ಅಧಿಕಾರವೂ ಈಗಿಲ್ಲ. ಹಾಗಾಗಿ ಬೀದಿಯ ಎಂಟು ಮನೆಯವರೂ ಡ್ರೈವ್‌ವೇ ತುದಿಯಲ್ಲಿ ಒಂದೊಂದು ಮಡಿಸುವ ಮೇಜು ಹಾಕುವುದು, ದೀಪ ಹಾಕುವುದು, ಹೊದ್ದುಕೊಂಡು ಕುರ್ಚಿಯಲ್ಲಿ ಕೂರುವುದು. ಕೋವಿಡ್ ವರ್ಷ ಎಲ್ಲರೂ ಹೀಗೇ ಮಾಡಿದ್ದರಲ್ಲ. "ಮಕ್ಕಳು ಬಾಗಿಲಿಗೆ ಬರೋಲ್ಲ ಅಂದ್ರೆ ಬಾಗಿಲನ್ನೇ ರೋಡಿಗೆ ತರೋದು. ಸೆಟ್‌ಬ್ಯಾಕ್ ಸೊನ್ನೆ!" ಮನೆಮನೆಗೆ ಹೋಗಿ ಒಪ್ಪಿಸುವ ಜವಾಬ್ದಾರಿ ನನ್ನ ತಲೆಗೆ ಬಂತು, ತಾಂತ್ರಿಕ ಮಂಜೂರಾತಿ ಅವರದು.

"ಆದ್ರೆ ಯೋಚನೆ ಮಾಡಿ ಹೇಳಿ ರಾಯರೇ, ಒಮ್ಮೆ ಬೀದಿಗೆ ಹೆಸರು ಬಂತೂ ಅಂದ್ರೆ ಮುಂದಿನ ವರ್ಷ ಊರೆಲ್ಲ ಇಲ್ಲೇ. ಹತ್ತು ಚೀಲ ತಂದರೂ ಸಾಲದು" ಅಂದೆ.

"ಅದಕ್ಯಾಕ್ರೀ ನನಗೆ ಚಿಂತೆ?" ಎನ್ನುತ್ತ ರಾಯರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಮಾರ್ಚಿಗೆ ನಾನು ಮೈಸೂರು. ಮೇಂಟೆನೆನ್ಸು ನಿಮ್ದು."