ಬೀಗರೆಂಬ ವೈಸ್‌ರಾಯರು

ದೊಡ್ಡ ನೆಂಟರು ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಒಳ್ಳೆ ದಾರಿ ತೋರಿಸಿ ಹೋಗಿದ್ದಾರೆ: ಅವರಿಗೇ ಅಂತ ಬೇರೆ ಮನೆ ಕಟ್ಟಿಸಿಬಿಡುವುದು. ಮೈಸೂರಿಗೆ ಬರುವ ವೈಸ್‌ರಾಯರು ಇಳಿದುಕೊಳ್ಳಲಿ ಎಂದು ಚಾಮುಂಡಿಬೆಟ್ಟದ ಹತ್ತಿರ 1921ರಲ್ಲಿ ಲಲಿತಮಹಲಿಗೆ ಅಡಿಗಲ್ಲು ಬಿತ್ತು. ಫ್ರಿಚ್ಲಿ ಎಂಬ ವಾಸ್ತುಶಿಲ್ಪಿ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ಲನ್ನು ನೆನಪಿಸುವ ಗುಮ್ಮಟವನ್ನೇ ಕೂರಿಸಿದರು. ನೆಂಟರಿಗೆ ತಮ್ಮೂರಲ್ಲೇ ಇದ್ದ ಹಾಗಾಯಿತು, ಅರಮನೆಯವರು ತಮ್ಮ ಪಾಡಿಗೆ ತಾವಾದರು.

ರಾಜಾಜಿನಗರ, ವಿಜಯನಗರದವರಾದ ನಮಗೆ ಆ ಭಾಗ್ಯವೆಲ್ಲಿ? ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೆ ನಾವು, ಮೇಲೆ ಬಾಡಿಗೆಯವರು, ಅದರ ಮೇಲೆ ಸಿಂಟೆಕ್ಸ್ ಟ್ಯಾಂಕು. ಹಾಗಂತ ನಮಗೆ ವೈಸ್‌ರಾಯರಿಲ್ಲ ಅಂದುಕೊಳ್ಳಬೇಡಿ. ಬೀಗರಿದ್ದಾರಲ್ಲ! ಅವರು ಬರುತ್ತಾರೆಂದರೆ ಸೋಫಾ ಕವರು ಬದಲಾಗುತ್ತದೆ, ಅಟ್ಟದ ಮೇಲಿನ ಪಿಂಗಾಣಿ ಕೆಳಗಿಳಿಯುತ್ತದೆ, ಮನೆಯವರೆಲ್ಲ ಸಣ್ಣ ದನಿಯಲ್ಲಿ ಜಗಳವಾಡತೊಡಗುತ್ತಾರೆ. ಲಲಿತಮಹಲು 1974ರಲ್ಲಿ ಹೋಟೆಲಾಗಿದ್ದು ನಮ್ಮಂಥವರ ಪುಣ್ಯ. ಬೀಗರನ್ನು ಕಾರಿಗೆ ಹತ್ತಿಸಿ ಕಾರ್ಡ್ ರೋಡು, ಮೈಸೂರು ರೋಡು, ಕೆಂಗೇರಿ ದಾಟಿಸಿದರೆ ಮರ್ಯಾದೆ ಅರ್ಧ ಉಳಿದ ಹಾಗೆ.

ಬಸವೇಶ್ವರನಗರದ ನಮ್ಮ ಭಾವನವರು ದಾವಣಗೆರೆಯ ಬೀಗರನ್ನು ಹೀಗೇ ಹೊರಡಿಸಿದರು. ಹೊಸ ಎಕ್ಸ್‌ಪ್ರೆಸ್‌ವೇ ಬಿಡದಿಗೂ ಮದ್ದೂರಿಗೂ ಬೆನ್ನು ತಿರುಗಿಸಿ ಓಡುತ್ತದೆಂದು ಹಳೇ ರಸ್ತೆಯನ್ನೇ ಹಿಡಿಸಿದರು. "ಅರಮನೆ ಊಟಕ್ಕೆ ಹೊರಟವರು ತಟ್ಟೆ ಇಡ್ಲಿ ಯಾಕೆ ತಿನ್ನಬೇಕು ಭಾವ?" ಅಂದೆ. "ಅಲ್ಲಿ ಎಷ್ಟು ಬಡಿಸ್ತಾರೋ ಯಾರಿಗೆ ಗೊತ್ತು ಕಣಯ್ಯ, ಒಂದು ಆಧಾರ ಇರಲಿ" ಅಂದರು. ಮದ್ದೂರಿನಲ್ಲಿ ವಡೆಯ ರೂಪದಲ್ಲಿ ಇನ್ನೊಂದು ಆಧಾರವೂ ಆಯಿತು.

ಊಟದ ಮನೆ ಒಂದು ಕಾಲದ ಬಾಲ್‌ರೂಮು, ದೊರೆ-ದೊರೆಸಾನಿಯರು ಕುಣಿದ ಜಾಗ. ನೆತ್ತಿಯ ಮೇಲೆ ಬಣ್ಣದ ಗಾಜಿನ ಗುಮ್ಮಟ. ಎಲ್ಲರೂ ಕತ್ತು ಮೇಲೆತ್ತಿ ನೋಡುತ್ತಿರುವಾಗ ಸಪ್ಲೈಯರ್ ಬಂದು ಬಾಟಲಿ ನೀರೋ ಮಾಮೂಲಿ ನೀರೋ ಎಂದು ಮೆಲ್ಲಗೆ ಕೇಳಿದ. ಭಾವ ಕೇಳಿದರು: "ಮಾಮೂಲಿ ಅಂದ್ರೆ ಕಾವೇರಿನಾ, ಬೋರಾ?" ಆತ ಕಾವೇರಿ ಅಂದಮೇಲೆ ಸಮಾಧಾನವಾಯಿತು. ಬೀಗರು ಮೆನುವನ್ನು ಪಂಚಾಂಗ ನೋಡುವಷ್ಟು ಶ್ರದ್ಧೆಯಿಂದ ತಿರುವಿ ಹಾಕಿ, ಕನ್ನಡಕ ತೆಗೆದು, "ಬೆಣ್ಣೆದೋಸಿ ಐತೇನ್ರಿ?" ಅಂದರು.

ಇಂಥ ಕಡೆ ಊಟ ಕಷ್ಟವಲ್ಲ, ಕಷ್ಟ ಇರುವುದು ಪುರುಸೊತ್ತಿನಲ್ಲಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಮ್ಮ ಊರು ನಿಂತೇ ಉಣ್ಣುವುದನ್ನು ಕಲಿತುಬಿಟ್ಟಿದೆ. ಮೊದಲು ದುಡ್ಡು, ಆಮೇಲೆ ಟೋಕನ್ನು, ಚಟ್ನಿ ತಟ್ಟೆ ತುಂಬ ಹರಿಯುವುದರೊಳಗೆ ಇಡ್ಲಿ ಖಾಲಿ. ಕಲ್ಯಾಣಮಂಟಪದಲ್ಲಿ ಕೂತು ಉಣ್ಣುತ್ತೇವಲ್ಲ ಅನ್ನುತ್ತೀರಾ? ಅಲ್ಲಿ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಮುಂದಿನ ಪಂಕ್ತಿಯವರು ನಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಅರಮನೆಯಲ್ಲೂ ಕುರ್ಚಿಯ ಹಿಂದೆ ಒಬ್ಬ ನಿಂತಿದ್ದ. ನಾವು ಏಳಲಿ ಎಂದಲ್ಲ, ಕೂತಿರಲಿ ಎಂದು. ಇದು ಅರ್ಥವಾಗದೆ ಭಾವ ಆತನಿಗೆ ಎರಡು ಸಲ "ಆಯ್ತು, ಆಗೇ ಹೋಯ್ತು" ಅಂದರು.

ಸೂಪಿಗೂ ಮುಂದಿನ ತಟ್ಟೆಗೂ ನಡುವೆ ಉಳಿದ ವೇಳೆಯಲ್ಲಿ ಅವರು ಲೆಕ್ಕಕ್ಕೆ ಕೂತರು. ಅವರ ನಾಣ್ಯ ರೂಪಾಯಿಯಲ್ಲ, ನವರಂಗ್ ಟಾಕೀಸಿನ ಹತ್ತಿರದ ಮಸಾಲೆದೋಸೆ. ಈ ಸೂಪಿಗೆ ಎಷ್ಟು ದೋಸೆ, ಆ ಐಸ್‌ಕ್ರೀಮಿಗೆ ಎಷ್ಟು ದೋಸೆ ಎಂದು ನನ್ನ ಕಿವಿಯಲ್ಲಿ ಹೇಳುತ್ತ ಹೋದರು. ಬೀಗರು ಕೇಳಿಸಿಕೊಳ್ಳದವರಂತೆ ಗುಮ್ಮಟ ನೋಡುತ್ತಿದ್ದರು. ಪಾಪ, ಅವರೂ ಮನಸ್ಸಿನಲ್ಲೇ ಬೆಣ್ಣೆದೋಸೆಗೆ ಬದಲಾಯಿಸಿಕೊಳ್ಳುತ್ತಿದ್ದರೋ ಏನೋ. ಕಾಫಿ ಅಂದಾಗ ಮಾತ್ರ ಎರಡೂ ಕಡೆಯಿಂದ ಒಂದೇ ದನಿ ಬಂತು: "ಬೈ ಟು ಮಾಡ್ರಿ." ಗಂಡಿನ ಕಡೆ, ಹೆಣ್ಣಿನ ಕಡೆ ನಿಜವಾಗಿ ಒಂದಾದದ್ದು ಧಾರೆಯ ದಿನವಲ್ಲ, ಆ ಗಳಿಗೆಯಲ್ಲಿ.

ಬಿಲ್ಲು ಚರ್ಮದ ಮಡಿಕೆಯೊಳಗೆ ಬಂತು. ಇಬ್ಬರೂ ಮೇಲೆ ಬಿದ್ದು ಎಳೆದಾಡಿದರು. "ನೀವು ಕೊಟ್ಟರೆ ನನ್ನಾಣೆ" ಎಂಬ ಹಂತಕ್ಕೆ ಬಂದಾಗ ಬೀಗರು ಕೈ ಸಡಿಲಿಸಿದರು, ಸ್ವಲ್ಪ ಬೇಗನೆ. ಭಾವ ಒಳಗೆ ನೋಡಿ ಮುಚ್ಚಿ, ನಕ್ಕರು. ಆ ನಗು ಮದುವೆ ಆಲ್ಬಮ್ಮಿನಲ್ಲೂ ಇಲ್ಲ.

ಒಡೆಯರೇ ಪುಣ್ಯವಂತರು ಬಿಡಿ. ಅವರ ವೈಸ್‌ರಾಯರು 1947ರಲ್ಲಿ ಗಂಟುಮೂಟೆ ಕಟ್ಟಿದರು. ನಮ್ಮವರು ಯುಗಾದಿಗೆ ಬರುತ್ತೇವೆ ಅಂದಿದ್ದಾರೆ.